ನಿಮಿಯಾಳನ್ನು ದಾಟಿಹೋದ ಬಟ್ಟಲು

ಮಾನ್ಯ ವಿಶೇಷ ಶಿಕ್ಷಣ ಉಪಕರಣಗಳ ಅಧಿಕಾರಿಗಳೇ,

ನನ್ನ ಮಗಳು ನಿಮಿಯಾ ತಾವು ಕೊಟ್ಟ ಮಾತಿನ ಯಂತ್ರವನ್ನು ಬಳಸುತ್ತಿಲ್ಲ, ಆದ್ದರಿಂದ ಸೋಮವಾರದೊಳಗೆ ಹಿಂದಿರುಗಿಸಬೇಕು ಎಂಬ ತಮ್ಮ ನೋಟಿಸು ತಲುಪಿತು. ಬಳಸುತ್ತಿಲ್ಲ ಎಂಬುದು ನಿಜ. ಏಕೆ ಎಂದು ಕೇಳುವ ಕಾಲಂ ಮಾತ್ರ ತಮ್ಮ ನಮೂನೆಯಲ್ಲಿ ಕಾಣಲಿಲ್ಲ.

ನಿಮಿಯಾಗೆ ಹನ್ನೊಂದು ವರ್ಷ. ಆಟಿಸಂ ಇದೆ, ಬಾಯಿಂದ ಮಾತು ಬರುವುದಿಲ್ಲ. ಚಿತ್ರ ಒತ್ತಿದರೆ ಅವಳ ಪರವಾಗಿ ಯಂತ್ರ ಮಾತಾಡುತ್ತದೆ. ಮೊದಲ ಸಲ ‘ಅಮ್ಮ’ ಒತ್ತಿದ ದಿನ ನಾನು ಕೈಯಲ್ಲಿದ್ದ ಹೆಣಿಗೆ ಬಿಟ್ಟು ಅತ್ತುಬಿಟ್ಟೆ. ಅದಕ್ಕೆ ತಮಗೆ ಋಣಿ. ಆದರೆ ತಾವು ಅದರಲ್ಲಿ ಶಿಷ್ಟಾಚಾರವನ್ನೂ ತುಂಬಿ ಕಳಿಸಿದ್ದಿರಿ: ಯಾರು ಏನು ಕೊಟ್ಟರೂ ಹಸಿರು ಗುಂಡಿ ಒತ್ತಿ ‘ಧನ್ಯವಾದ’ ಹೇಳಬೇಕು. ಆರು ತಿಂಗಳ ತರಬೇತಿ. ನನ್ನ ಮಗಳು ಒಮ್ಮೆಯೂ ತಪ್ಪಿಸಲಿಲ್ಲ.

ಇತಾಗುವಾ ಊರಿನ ನಮ್ಮ ಶಾಲೆಯಲ್ಲಿ ಹತ್ತು ಗಂಟೆಗೆ ಮಕ್ಕಳು ಮಾವಿನ ಮರದಡಿ ದುಂಡಗೆ ಕೂತು ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಕುಡಿಯುತ್ತಾರೆ. ಒಂದೇ ಬಟ್ಟಲು, ಒಂದೇ ಕೊಳವೆ, ಕುಡಿದು ಮರಳಿಸಿದ್ದನ್ನು ಮತ್ತೆ ತುಂಬಿ ಮುಂದಿನವರಿಗೆ ಕೊಡುವವಳು ಅವಳ ತರಗತಿಯ ಡೆಲ್ಫಿನಾ. ಈ ದೇಶದಲ್ಲಿ ಬಟ್ಟಲು ಮರಳಿಸುವಾಗ ಧನ್ಯವಾದ ಹೇಳುವವರು ಯಾರು? ಇನ್ನು ಸಾಕು ಎನ್ನುವವರು. ತಾವೂ ಕಚೇರಿಯಲ್ಲಿ ದಿನಾ ಕುಡಿಯುತ್ತೀರಲ್ಲ, ಹೊಳೆಯಲಿಲ್ಲವೇ? ಮೊದಲ ಸುತ್ತಿಗೇ ಯಂತ್ರ ಧನ್ಯವಾದ ಎಂದಿತು. ಆಮೇಲೆ ಬಟ್ಟಲು ಅವಳನ್ನು ದಾಟಿಕೊಂಡೇ ಹೋಯಿತು. ಅವಳು ಕೈಚಾಚಿ ಕೂತಿದ್ದನ್ನು ಬೇಲಿಯಾಚೆಯಿಂದ ನಾನೇ ಕಂಡೆ.

“ಯಾಕಮ್ಮಾ, ಅವಳಿಗೆ ಕೊಡಲ್ವಾ?”

“ಅವಳೇ ಸಾಕು ಅಂದ್ಳಲ್ಲ ಅತ್ತೆ!” ಎಂದಳು ಡೆಲ್ಫಿನಾ.

“ಅದು ಯಂತ್ರದ ಅಭ್ಯಾಸ ಕಣೆ.”

“ಹಂಗಾದ್ರೆ ನಿಜವಾಗ್ಲೂ ಸಾಕಾದಾಗ ನಂಗೆ ಹೆಂಗ್ ಗೊತ್ತಾಗ್ಬೇಕು?”

ಆ ಪುಟ್ಟ ಹುಡುಗಿ ಕೇಳಿದ್ದನ್ನು ತಮ್ಮ ತಜ್ಞರಲ್ಲಿ ಒಬ್ಬರಾದರೂ ಕೇಳಿದ್ದರೇ? ‘ಇನ್ನೂ ಬೇಕು’ ಎಂಬ ಒಂದು ಚಿತ್ರ ಸೇರಿಸಿಕೊಡಿ ಎಂದು ಟೀಚರನ್ನು ಬೇಡಿಕೊಂಡೆ. “ನಮ್ ಕೈಲಿಲ್ಲಮ್ಮ, ಪಾಸ್‌ವರ್ಡು ರಾಜಧಾನೀಲಿದೆ” ಎಂದರು. ತಮಗೆ ಮೂರು ಅರ್ಜಿ ಬರೆದೆ. ಬಂದದ್ದು ಈ ನೋಟಿಸು.

ಕೊನೆಗೆ ನಿಮಿಯಾ ತಾನೇ ದಾರಿ ಕಂಡುಕೊಂಡಳು. ಯಂತ್ರವನ್ನು ಚೀಲದಲ್ಲಿಟ್ಟು ಬರಿಗೈಯಲ್ಲಿ ಹೋಗಿ ಕೂತಳು. ಅಂದು ಬಟ್ಟಲು ನಾಲ್ಕು ಸಲ ಅವಳ ಕೈಗೆ ಬಂತು. ಈಗ ಮನೆಯಲ್ಲೂ ಅದನ್ನು ಹೊರತೆಗೆಯುವುದಿಲ್ಲ. ‘ಅಮ್ಮ’ ಎಂಬುದನ್ನು ಕೇಳಿ ಐದು ವಾರವಾಯಿತು. ಸಂಜೆ ನಾವಿಬ್ಬರೇ ಕೂರುತ್ತೇವೆ. ಬಟ್ಟಲು ನನ್ನಿಂದ ಅವಳಿಗೆ, ಅವಳಿಂದ ನನಗೆ. ಮಗಳು ಪಕ್ಕದಲ್ಲೇ ಇದ್ದಾಳೆ, ಆದರೂ ನಾನು ಒಂಟಿ, ಸ್ವಾಮಿ.

ಯಂತ್ರವನ್ನು ಹಿಂದಿರುಗಿಸುವುದಿಲ್ಲ. ಪಾಸ್‌ವರ್ಡು ಕಳಿಸಿ, ಆ ಚಿತ್ರವನ್ನು ನಾನೇ ಬರೆದಿಟ್ಟಿದ್ದೇನೆ. ಪತ್ರದ ಕೊನೆಯಲ್ಲಿ ರೂಢಿಯಂತೆ ಹೇಳಬೇಕಾದ ಧನ್ಯವಾದವನ್ನು ತಮಗೆ ಹೇಳುತ್ತಿಲ್ಲ. ನನಗೆ ಇನ್ನೂ ಬೇಕು.

ಇಂತಿ,
ತಮ್ಮ ಕಡತದಲ್ಲಿ ‘ಸಹಕರಿಸದ ಪೋಷಕಿ’ ಎಂದಿರುವ,
ಈ ಮನೆಯಲ್ಲಿ ಈಗ ಒಬ್ಬಳೇ ಮಾತಾಡುವ
ಬ್ಲಾಸಿದಾ