ಬಂಟ್ವಾಳಕ್ಕೆ ಬಂದ ಹಾವುಮೀನು

ಪ್ರೀತಿಯ ಮಾಮಿ,

ನೀವು ಹೆಣ್ಣು ನೋಡಲು ಕಾರ್ಕಳದ ನಮ್ಮ ಮನೆಗೆ ಬಂದ ದಿನ ಇವತ್ತು ಯಾಕೋ ಬೆಳಿಗ್ಗೆಯಿಂದ ನೆನಪಾಗುತ್ತಿದೆ. ಅತ್ತೆಯಾಗುವವರು ಏನೆಲ್ಲ ಕೇಳಬಹುದು ಎಂದು ಅಮ್ಮ ನನ್ನನ್ನು ಮೊದಲೇ ತಯಾರು ಮಾಡಿದ್ದರು. ನೀವು ಅದರಲ್ಲಿ ಒಂದನ್ನೂ ಕೇಳಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಗಣಿತದಲ್ಲಿ ಎಂಎಸ್ಸಿಯಂತೆ ನೀನು. ಹಾಗಾದರೆ ಹೇಳು ನೋಡುವ, ಹೊಳೆಯ ಒಳಗೆ ಕಣ್ಣಿಗೆ ಕಾಣದೆ ಇರುವ ಮೀನನ್ನು ಎಣಿಸುವುದು ಹೇಗೆ?" ಎಂದಿರಿ. ಅಪ್ಪ ಚಾದ ಲೋಟವನ್ನು ಹಾಗೇ ಹಿಡಿದುಕೊಂಡು ಕೂತರು. ನಾನು ಸೆರಗು ಸರಿಮಾಡಿಕೊಂಡು, ಕೆಲವನ್ನು ಹಿಡಿದು ಗುರುತು ಹಾಕಿ ಬಿಡಬೇಕು, ಆಮೇಲೆ ಮತ್ತೆ ಹಿಡಿದಾಗ ಅದರಲ್ಲಿ ಗುರುತಿನವು ಎಷ್ಟು ಸಿಕ್ಕವು ಎಂದು ನೋಡಿ ಅಂದಾಜು ಮಾಡಬಹುದು ಎಂದೆ. "ಆದರೆ ಮೀನು ಅಲ್ಲೇ ಇರಬೇಕು. ಹೊಳೆ ಬಿಟ್ಟು ಹೋದರೆ ಲೆಕ್ಕ ತಪ್ಪುತ್ತದೆ" ಎಂದೂ ಸೇರಿಸಿದೆ. ನೀವು ಜೋರಾಗಿ ನಕ್ಕು, "ಬಿಟ್ಟು ಹೋಗುವ ಮೀನೇ ನನಗೆ ಬೇಕಾದದ್ದು ಮಗಾ" ಎಂದಿರಿ. ಅವತ್ತು ನನ್ನನ್ನು ಒಪ್ಪಿದ್ದು ನಿಮ್ಮ ಮಗ ಪ್ರಶಾಂತಾ, ಅಲ್ಲ ನೀವಾ? ಅವರನ್ನು ಕೇಳಿದರೆ ಈಗಲೂ ನಗುತ್ತಾರೆ, ಉತ್ತರ ಕೊಡುವುದಿಲ್ಲ.

ಮದುವೆಯಾದ ವರ್ಷದ ಬೇಸಿಗೆ ರಜೆಯಲ್ಲಿ ನೀವು ನನ್ನನ್ನು ನಿಮ್ಮ ತವರಿನ ಹೊಳೆಗೆ ಕರೆದುಕೊಂಡು ಹೋದಿರಿ. ಬೆಳ್ತಂಗಡಿ ದಾಟಿ, ಘಟ್ಟದ ಬುಡಕ್ಕೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಲ್ಲಿನ ಸಂದಿಗೆ ಕೈ ಹಾಕಿ, ತೋಳಿನಷ್ಟು ದಪ್ಪದ ಹಾವುಮೀನನ್ನು ಎಳೆದು ಬಕೆಟ್ಟಿಗೆ ಹಾಕಿದಿರಿ. ನಾನು ಕಿರುಚಿಕೊಂಡು ದಡ ಹತ್ತಿದೆ. ಅದರ ಕೊರಳಿನ ಕೆಳಗೆ ಚರ್ಮದೊಳಗೆ ಸೂಜಿಯಿಂದ ಗುರುತಿನ ಸಣ್ಣದೊಂದು ಕೆಂಪು ಚುಕ್ಕೆ ಇಳಿಸುತ್ತ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದಿರಿ. ಇದು ಹುಟ್ಟುವುದು ಸಮುದ್ರದಲ್ಲಿ. ಗಾಜಿನಂತೆ ಒಳಗೆಲ್ಲ ಕಾಣುವ ಮರಿಗಳು ನದಿ ಕಡಲು ಸೇರುವ ಅಳಿವೆ ದಾಟಿ, ನೇತ್ರಾವತಿಯನ್ನು ಹತ್ತಿ ಇಲ್ಲಿಯವರೆಗೆ ಬರುತ್ತವೆ. ವರ್ಷಗಟ್ಟಲೆ ಈ ಕಲ್ಲುಗಳಡಿ ಬದುಕುತ್ತವೆ. ಕೊನೆಗೆ ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತವೆ, ಮತ್ತೆ ತಿರುಗಿ ಬರುವುದಿಲ್ಲ. "ಸಮುದ್ರದಲ್ಲಿ ಎಲ್ಲಿಗೆ ಹೋಗ್ತವೆ?" ಎಂದು ಕೇಳಿದೆ. "ಅದು ಗೊತ್ತಿದ್ದರೆ ನಾನು ಇಲ್ಲಿ ಕೆಸರಲ್ಲಿ ಯಾಕೆ ನಿಲ್ತಿದ್ದೆ?"

ಆಮೇಲೆ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ನಿಮ್ಮ ಕಥೆಯೂ ಬಿಚ್ಚಿಕೊಂಡಿತು. ಮಂಗಳೂರಿನಲ್ಲಿ ಕಡಲಜೀವಶಾಸ್ತ್ರ ಓದಿದವರು ನೀವು. ದೋಣಿಯಲ್ಲಿ ಹೋಗಿ ಬಲೆಗೆ ಬಿದ್ದದ್ದನ್ನೆಲ್ಲ ಬಾಟಲಿಯಲ್ಲಿ ತುಂಬಿಕೊಂಡು ಬರುತ್ತಿದ್ದವರು. ಮದುವೆಯಾಗಿ ಮೂಡುಬಿದಿರೆಗೆ ಬಂದ ಮೇಲೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ, ಇಬ್ಬರು ಮಕ್ಕಳು, ಕಪ್ಪೆ ಕೊಯ್ಯುವ ಲ್ಯಾಬು. ಕಡಲು ದೂರವಾಯಿತು ಎಂದುಕೊಂಡಿದ್ದಾಗ ಒಂದು ಸಲ ತವರಿಗೆ ಹೋದಾಗ ಅಣ್ಣನ ಕುಟುಂಬದವರು ಹಿಡಿದು ತಂದ ಹಾವುಮೀನು ಕಂಡಿತಂತೆ. "ಇದು ಕಡಲಿನ ಜೀವ ಅಲ್ವಾ, ನನ್ನನ್ನು ಹುಡುಕಿಕೊಂಡು ನಮ್ಮ ಹಿತ್ತಿಲಿಗೇ ಬಂದಿದೆ ಅಂತ ಅನಿಸಿತು" ಎಂದಿರಿ. ಆ ಮಾತು ಕೇಳಿದ ಮೇಲೆ ನಿಮ್ಮ ಲೆಕ್ಕ ಮಾಡಿಕೊಡುವುದಿಲ್ಲ ಎನ್ನಲು ನನಗೆ ಸಾಧ್ಯವಿತ್ತಾ?

ಹೊಳೆಯ ಕೆಳಗಿನ ಕಿಂಡಿ ಅಣೆಕಟ್ಟಿನ ಎದುರು ನೀವು ನಿಂತ ಮಧ್ಯಾಹ್ನವೂ ಕಣ್ಣಮುಂದಿದೆ. ಮಳೆಗಾಲ ಮುಗಿಯುತ್ತಲೇ ಕಂಬಗಳ ನಡುವೆ ಹಲಗೆ ಇಳಿಸುತ್ತಾರೆ. ನೀರು ನಿಲ್ಲುತ್ತದೆ, ಎರಡೂ ದಡದ ಬಾವಿಗಳಿಗೆ ಜೀವ ಬರುತ್ತದೆ. ಈಚೆಗೆ ಮಳೆ ಬೇಗ ಬಿಡುವುದರಿಂದ ಹಲಗೆಯೂ ಬೇಗ ಬೀಳುತ್ತಿತ್ತು. ನಮ್ಮ ಹಾವುಮೀನು ಕೆಳಗೆ ಹೊರಡುವುದು ಕೊನೆಯ ಗುಡುಗುಮಳೆಗೆ. ಅಷ್ಟು ಹೊತ್ತಿಗೆ ಬಾಗಿಲು ಹಾಕಿ ಆಗಿರುತ್ತಿತ್ತು. ನೀವು ಪೂರ್ವದ ದಡಕ್ಕೆ ಹೋಗಿ, ಗುಡುಗುಮಳೆ ಬಂದ ದಿನ ಒಂದು ಕಿಂಡಿಯ ಮೇಲಿನ ಹಲಗೆ ಮಾತ್ರ ತೆಗೆದಿಡುತ್ತೀರಾ ಎಂದು ಕೇಳಿದಿರಿ. ಆ ದಡದ ಗಿರಿಜಕ್ಕ ಮರ್ಯಾದೆಯಲ್ಲೇ ಹೇಳಿದರು, "ಟೀಚರೇ, ನಿಮಗೆ ಮೀನಿನ ಚಿಂತೆ, ನಮಗೆ ನೀರಿನ ಚಿಂತೆ. ನಾವು ತೆಗೆದರೆ ಆಚೆಯವರು ಸುಮ್ಮನೆ ಬಿಡ್ತಾರಾ?" ಪಶ್ಚಿಮದ ದಡದ ಸಂಜೀವಣ್ಣನೂ ಅದನ್ನೇ ಹೇಳಿದರು, ಆದರೆ ಗಿರಿಜಕ್ಕನವರ ಕಡೆ ಕೈ ತೋರಿಸಿ. ಹಿಂದೊಂದು ಬೇಸಿಗೆಯಲ್ಲಿ ಯಾರೋ ಹಲಗೆ ಕಿತ್ತು ನೀರೆಲ್ಲ ಹರಿದು ಹೋಗಿತ್ತು. ಅಂದಿನಿಂದ ಎರಡು ದಡದವರಿಗೆ ಮಾತಿಲ್ಲ. ಮದುವೆ ಮುಂಜಿಗೂ ಹೋಗುವುದಿಲ್ಲ. ಕಾರಿನಲ್ಲಿ ನೀವು, "ಮೀನಿನ ಭಾಷೆ ಬೇಕಾದರೆ ಕಲಿಯಬಹುದು ಮಾರಾಯ್ತಿ, ಇವರದ್ದು..." ಎಂದು ನಿಲ್ಲಿಸಿದಿರಿ.

ಶುಭಕ್ಕನೊಂದಿಗೆ ನೀವು ಜಗಳವಾಡಿದ ಆ ಭಾನುವಾರ ನಾನು ಅಡುಗೆಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದೆ. ನಿಮ್ಮ ಮಗಳೇ ಸಮುದಾಯ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವಳು. ಒಬ್ಬೊಬ್ಬರ ಮನಸ್ಸಲ್ಲ, ಒಂದು ಊರು ಊರಾಗಿ ಹೇಗೆ ಹೆದರುತ್ತದೆ, ಹೇಗೆ ನಂಬುತ್ತದೆ ಎಂಬುದು ಅವಳ ಕೆಲಸ. ನೀವು ಅವಳಿಗೆ, "ನನ್ನ ಪರವಾಗಿ ನೀನು ಹೋಗಿ ಅವರನ್ನು ಒಪ್ಪಿಸು" ಎಂದಿರಿ. ಅವಳು ಆಗುವುದಿಲ್ಲ ಎಂದಳು.

"ಒಪ್ಪಿಸುವುದು ನನ್ನ ಕೆಲಸ ಅಲ್ಲ ಅಮ್ಮ. ಅವರು ಒಬ್ಬರಿಗೊಬ್ಬರು ಮಾತಾಡದೆ ನಿನ್ನ ಮೀನಿಗೆ ದಾರಿ ಬಿಡುವುದುಂಟಾ? ಮೊದಲು ಅವರ ಮಾತು ಕೇಳಬೇಕು."

"ಎಷ್ಟು ಸಮಯ ಕೇಳ್ತೀ?"

"ಬೇಕಾದಷ್ಟು."

"ಜನರ ಜೊತೆ ಕೂತು ಚಾ ಕುಡಿಯುವುದು ಯಾವಾಗ ವಿಜ್ಞಾನ ಆಯಿತು?"

ಶುಭಕ್ಕ ತಟ್ಟೆ ಬಿಟ್ಟು ಎದ್ದಳು. ದೋಸೆ ತಣ್ಣಗಾಯಿತು. ಮಂಗಳೂರಿನ ಬಸ್ಸಿಗೆ ಅವಳನ್ನು ಬಿಡಲು ಹೋದಾಗ ಅವಳು ಹೇಳಿದ್ದನ್ನು ನಿಮಗೆ ನಾನು ಹೇಳಿರಲಿಲ್ಲ. "ನನ್ನ ಪ್ರಬಂಧ ಅಮ್ಮ ಓದಿಯೇ ಇಲ್ಲ ಕಣೇ" ಎಂದಿದ್ದಳು, ಅಷ್ಟೇ.

ನಿಮ್ಮ ಕಾಲು ಊದಿಕೊಳ್ಳಲು ಶುರುವಾದದ್ದು ಅದೇ ವರ್ಷ. ಹೃದಯ ಸೋತಿದೆ, ಹೊಳೆ ಗಿಳೆ ಎಂದು ಓಡಾಡಬಾರದು ಎಂದರು ಡಾಕ್ಟರು. ನೀವು ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ನನ್ನ ಸಮೀಕರಣಗಳಲ್ಲಿ ತಪ್ಪು ಹುಡುಕುತ್ತಿದ್ದಿರಿ. ಶುಭಕ್ಕ ರಜೆ ಹಾಕಿದಳು. ನಿಮಗಾಗಿ ಎಂದು ಎಲ್ಲರೂ ತಿಳಿದೆವು. ಅವಳು ಬೆಳಿಗ್ಗೆ ನಿಮಗೆ ಗಂಜಿ ಕೊಟ್ಟು, ಬೆಳ್ತಂಗಡಿ ಬಸ್ಸು ಹತ್ತಿ ಹೊಳೆಯ ಊರಿಗೆ ಹೋಗುತ್ತಿದ್ದಳು. ಒಂದು ದಿನ ಪೂರ್ವದ ದಡ, ಇನ್ನೊಂದು ದಿನ ಪಶ್ಚಿಮದ ದಡ. ಬೀಡಿ ಕಟ್ಟುವವರ ಜೊತೆ ಕೂರುವುದು, ಹಾಲಿನ ಡೈರಿಯ ಮುಂದೆ ನಿಲ್ಲುವುದು. ಮೀನಿನ ಸುದ್ದಿಯೇ ಎತ್ತುತ್ತಿರಲಿಲ್ಲವಂತೆ. ಸಂಜೆ ಬಂದಾಗ ನೀವು, "ಏನಾಯಿತು?" ಎಂದು ಕೇಳುತ್ತಿದ್ದಿರಿ. "ಚಾ ಕುಡಿದೆ" ಎನ್ನುತ್ತಿದ್ದಳು. ಇಬ್ಬರ ಹಟ ನೋಡಿ ನನಗೆ ನಗಬೇಕೋ ಅಳಬೇಕೋ...

ಕೊನೆಗೂ ಶುಭಕ್ಕನ ಕರೆಗೆ ಆ ಊರಿನ ಶಾಲೆಯ ಜಗಲಿಯಲ್ಲಿ ಸಭೆ ಸೇರಿದ ದಿನ ನೀವು ಡಾಕ್ಟರ ಮಾತು ಮೀರಿ ನಮ್ಮ ಜೊತೆ ಹೊರಟಿರಿ. "ನಾನು ಬಾಯಿ ತೆರೆಯುವುದಿಲ್ಲ" ಎಂದು ಮಾತು ಕೊಟ್ಟು, ಹಿಂದಿನ ಬೆಂಚಿನಲ್ಲಿ ಕೂತಿರಿ. ಎರಡು ದಡದವರು ಎರಡು ಗೋಡೆಗೆ ಒರಗಿ ನಿಂತಿದ್ದರು. ಶುಭಕ್ಕ ತುಳುವಿನಲ್ಲಿ ಮೆಲ್ಲಗೆ ಕೇಳಿದಳು. "ನಿಮಗೆ ಎಂಥ ಹೆದರಿಕೆ ಅಂತ ನಾನು ಕೇಳುವುದಿಲ್ಲ. ಆಚೆ ದಡದವರಿಗೆ ಎಂಥ ಹೆದರಿಕೆ ಉಂಟು? ಅದನ್ನು ಹೇಳಿ."

ಸಂಜೀವಣ್ಣ, "ಅವರಿಗೆಂಥ ಹೆದರಿಕೆ? ತಗ್ಗಿನಲ್ಲಿ ಇರುವವರು. ಅವರ ಬಾವಿ ಬತ್ತುವುದುಂಟಾ?" ಎಂದರು.

"ಯಾರು ಹೇಳಿದ್ದು ನಿಮಗೆ?" ಗಿರಿಜಕ್ಕನ ಸ್ವರ ಏರಿತು. "ಮಾರ್ಚಿಗೆ ನಮ್ಮ ಬಾವಿಯ ತಳ ಕಾಣ್ತದೆ. ದನಕ್ಕೆ ಕೊಡ್ಲಿಕ್ಕೆ ನೀರಿಲ್ಲ. ನಿಮಗೆ ಮೋಟಾರು ಉಂಟು, ನಿಮಗೆ ಗೊತ್ತಾಗುವುದಿಲ್ಲ."

"ಮೋಟಾರಾ? ಎರಡು ವರ್ಷದಿಂದ ಅದು ಗಾಳಿ ಎಳೀತದೆ ಗಿರಿಜಕ್ಕ. ಮೇಲೆ ಬರುವುದು ಕೆಸರು." ಅವರು ಗಿರಿಜಕ್ಕನ ಕಡೆ ತಿರುಗಿ, "ನಿಮ್ಮದೂ ಬತ್ತುತ್ತದೆ ಅಂತ ನಮಗೆ..." ಎಂದರು.

"ಹಾಗಾದರೆ ಆ ವರ್ಷ ಹಲಗೆ ಕಿತ್ತದ್ದು ನೀವಲ್ವಾ?"

"ನಾವು ಯಾಕೆ ಕೀಳ್ಬೇಕು? ನೀವು ಅಂತ ಅಲ್ವಾ ನಾವು ಇಷ್ಟು ಸಮಯ..."

ಯಾರು ಕಿತ್ತದ್ದೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಗೋಡೆಗೆ ಒರಗಿದ್ದವರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು, ಎರಡು ಕಡೆಯವರೂ ಬೆರೆತು. ನನ್ನ ಸರದಿ ಆಮೇಲೆ ಬಂತು. ಮಳೆ ಬಂದ ದಿನ ಒಂದು ಹಲಗೆ ತೆಗೆದರೆ ನೀರು ಎಷ್ಟು ಇಳಿಯುತ್ತದೆ, ಮೇಲಿನಿಂದ ಬರುವ ಹರಿವು ಅದನ್ನು ಹೇಗೆ ಮರುದಿನವೇ ತುಂಬುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ತೋರಿಸಿದೆ. ಗಿರಿಜಕ್ಕ, "ಇಷ್ಟೇಯಾ? ಇದನ್ನು ಮೊದಲೇ ಹೇಳಬಹುದಿತ್ತಲ್ಲ!" ಎಂದರು. ಹಿಂದಿನ ವರ್ಷ ನೀವು ಅವರ ಅಂಗಳದಲ್ಲೇ ನಿಂತು ಹೇಳಿದ್ದು ಅದೇ ತಾನೇ? ತಿರುಗಿ ನೋಡಿದೆ. ನೀವು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಿರಿ.

ವಾಪಸು ಬರುವಾಗ ಬೆಳ್ತಂಗಡಿ ಪೇಟೆಯ ಹೋಟೆಲಿನಲ್ಲಿ ಕಾರು ನಿಲ್ಲಿಸಿದೆವು. ಬಿಸಿ ಚಾ ಬಂದ ಮೇಲೆ ನೀವು ಶುಭಕ್ಕನ ಕಡೆ ತಿರುಗಿ, "ಆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕೆಂದು ನಿನಗೆ ಹೇಗೆ ಗೊತ್ತಾಯಿತು?" ಎಂದಿರಿ. ತಾಯಿ ಮಗಳನ್ನು ಕೇಳಿದ ಹಾಗಿರಲಿಲ್ಲ ಅದು. ಶುಭಕ್ಕ ಮೊದಲು ತಡವರಿಸಿದಳು. ಆಮೇಲೆ ಹೇಳುತ್ತಾ ಹೋದಳು, ನೀವು ಕೇಳುತ್ತಾ ಹೋದಿರಿ, ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿ ವಾದ ಮಾಡಿದಿರಿ. ಹೋಟೆಲಿನವ ಎರಡು ಸಲ ಬಂದು ಟೇಬಲ್ ಒರೆಸಿ ಹೋದ. ಆ ವಾರವೇ ಅವಳ ಪ್ರಬಂಧವನ್ನು ತರಿಸಿಕೊಂಡು ಓದಲು ಹಿಡಿದಿರಿ. ಎಷ್ಟನೆಯ ಅಧ್ಯಾಯಕ್ಕೆ ತಲುಪಿದಿರಿ ಮಾಮಿ? ಆಟಿ ತಿಂಗಳ ಮಳೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ನೀವು ಹೋದಾಗ ಪುಸ್ತಕ ದಿಂಬಿನ ಪಕ್ಕ ಮುಚ್ಚಿತ್ತು. ಶುಭಕ್ಕನೂ ನಾನೂ ಅದನ್ನು ಒಬ್ಬರನ್ನೊಬ್ಬರು ಕೇಳಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಆ ವರ್ಷ ಹಲಗೆ ಇಳಿಸಲು ಎರಡೂ ದಡದವರು ಬಂದರು. ಗುಡುಗುಮಳೆ ತಡವಾಗಿ, ಆದರೆ ಜೋರಾಗಿಯೇ ಬಂತು. ಮೇಲಿನ ಹಲಗೆ ತೆಗೆದೆವು ಎಂದು ಸಂಜೀವಣ್ಣ ಫೋನು ಮಾಡಿದರು. ಆಮೇಲೆ ಸ್ವಲ್ಪ ದಿನ ಏನೂ ಇಲ್ಲ. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿಗೆ ಬಲೆ ಹಾಕುವವರಿಗೆಲ್ಲ ಶುಭಕ್ಕ ನಮ್ಮ ನಂಬರು ಕೊಟ್ಟು ಬಂದಿದ್ದಳು, ನಿಮ್ಮ ಹೆಸರು ಹೇಳಿ. ಒಂದು ಬೆಳಿಗ್ಗೆ ನಾನು ಪಾಠಕ್ಕೆಂದು ಕಾಲೇಜಿಗೆ ಹೊರಡುವಾಗ ಫೋನು ಬಂತು.

"ಟೀಚರ್ ಉಂಟಾ?"

"ನಾನು ಅವರ ಸೊಸೆ" ಎಂದೆ.

"ನಾನು ಪಾಣೆಮಂಗಳೂರಿನ ಹಮೀದ್. ಬಲೆಗೆ ಒಂದು ಹಾವುಮೀನು ಬಿದ್ದಿದೆ. ಕೊರಳಲ್ಲಿ ಕೆಂಪು ಉಂಟು. ಕೊಂದಿಲ್ಲ. ಬೇಗ ಬನ್ನಿ."

ಕಾಲೇಜಿಗೆ ರಜೆ ಹೇಳಿದೆ. ಶುಭಕ್ಕ ಮಂಗಳೂರಿನಿಂದ ನೇರ ಅಲ್ಲಿಗೇ ಬಂದಳು. ಹಮೀದಾಕ, ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ಅದನ್ನು ನೀಲಿ ಡ್ರಮ್ಮಿನಲ್ಲಿ, ಹೊಳೆಯ ನೀರಿನಲ್ಲೇ ಇಟ್ಟಿದ್ದರು, ಮೇಲೆ ಗೋಣಿ ಮುಚ್ಚಿ. ಹೊಟ್ಟೆ ಬೆಳ್ಳಿಯಂತಾಗಿತ್ತು, ಕಣ್ಣು ಮೊದಲಿಗಿಂತ ದೊಡ್ಡದು. ಕಡಲಿಗೆ ಹೊರಟದ್ದಕ್ಕೆ ಹಾಗಾಗುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಉದ್ದ ಅಳೆದೆವು, ಫೋಟೋ ತೆಗೆದೆವು. ಶುಭಕ್ಕ ಸೊಂಟದವರೆಗೆ ನೀರಿಗಿಳಿದು ಡ್ರಮ್ಮನ್ನು ಓರೆ ಮಾಡಿದಳು. ಅದು ಒಂದು ಕ್ಷಣ ಅವಳ ಕಾಲ ಹತ್ತಿರವೇ ನಿಂತು, ಆಮೇಲೆ ಪಶ್ಚಿಮಕ್ಕೆ ಹೋಯಿತು. ಅವಳು ಅಲ್ಲೇ ನೀರಿನಲ್ಲಿ ನಿಂತು ಅತ್ತಳು. ನೀವು ಹೋದ ದಿನ ಅತ್ತಿರಲಿಲ್ಲ ಅವಳು. ಹಮೀದಾಕ ಬಲೆ ಬಿಡಿಸುತ್ತ ಕೂತರು.

ಇದರ ಬಗ್ಗೆ ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ನಮ್ಮ ಲೇಖನ ಮೊನ್ನೆ ಪ್ರಶ್ನೆಗಳ ಸಮೇತ ವಾಪಸು ಬಂದಿದೆ. ಒಂದೇ ಮೀನಿನಿಂದ ಏನು ಹೇಳಲು ಸಾಧ್ಯ ಎಂದು ಕೇಳಿದ್ದಾರೆ. ಸರಿಯಾದ ಪ್ರಶ್ನೆಯೇ. ಹೆಚ್ಚೇನೂ ಹೇಳಲಾಗುವುದಿಲ್ಲ, ಆದರೆ ಒಂದು ಎಂದರೆ ಸೊನ್ನೆ ಅಲ್ಲ ಎಂದು ನಾನು ಉತ್ತರ ಬರೆಯುತ್ತಿದ್ದೇನೆ. ಶುಭಕ್ಕನ ಹೆಸರನ್ನು ಮೊದಲು ಹಾಕಿದೆ. ಅವಳು ತೆಗೆದು ನಿಮ್ಮದನ್ನು ಹಾಕಿದಳು. ನಾನು ಮತ್ತೆ ಬದಲಿಸಿದೆ. ನೀವಿದ್ದರೆ ಯಾರ ಪಕ್ಷ?

ಇನ್ನೊಂದು ಸುದ್ದಿ, ಇದಕ್ಕೆ ನೀವು ಖಂಡಿತ ನಗುತ್ತೀರಿ. ನಾನು ಈಜು ಕಲಿಯುತ್ತಿದ್ದೇನೆ. ಈ ಮಳೆಗಾಲ ಕಳೆದ ಮೇಲೆ ಅಳಿವೆಯಲ್ಲಿ ಕೆಲಸ ಶುರು ಮಾಡುವುದೆಂದು ತೀರ್ಮಾನಿಸಿದ್ದೇವೆ. ಈಜು ಬಾರದವರನ್ನು ದೋಣಿಗೆ ಹತ್ತಿಸುವುದಿಲ್ಲ ಎಂದು ಶುಭಕ್ಕನ ಕಾನೂನು. ಹಾಗಾಗಿ ಮೂಡುಬಿದಿರೆಯ ಈಜುಕೊಳದಲ್ಲಿ, ನನ್ನ ವಿದ್ಯಾರ್ಥಿನಿಯರ ನಡುವೆಯೇ, ರಬ್ಬರ್ ಟೊಪ್ಪಿ ಹಾಕಿಕೊಂಡು ಕೈಕಾಲು ಬಡಿಯುತ್ತೇನೆ. ಮೊದಲ ವಾರ ಕೊಳದ ಅಂಚಿನ ಕಂಬಿ ಬಿಡಲೇ ಇಲ್ಲ. ನಿನ್ನೆ ಶುಭಕ್ಕ ಎದುರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, "ಬಾ, ನಾನು ಇಲ್ಲೇ ಇದ್ದೇನೆ" ಎಂದಳು. ಕಣ್ಣು ಮುಚ್ಚಿ, ಉಸಿರು ಹಿಡಿದು, ಕಂಬಿ ಬಿಟ್ಟೆ.

ದಾಟಿದೆ, ಮಾಮಿ.

ನಿಮ್ಮ ಸೊಸೆ,
ವಿದ್ಯಾ