ಗಾವ್‌ಗೊಂದು ಬೀಳ್ಕೊಡುಗೆ

ಅಕ್ಟೋಬರ್ 9, ಬೆಳಿಗ್ಗೆ

ಮಂಡಿಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ. ಸಮುದ್ರದ ಕಡೆಯಿಂದ ಕೆಟ್ಟ ಗಾಳಿ. ಕೋನ್‌ಗಳೆಲ್ಲ ಉರುಳಿ ಗೋಲಿನೊಳಗೆ. ನಮ್ಮ ಹುಡುಗರ ಚೆಂಡು ಮಾತ್ರ ಅಲ್ಲಿಗೆ ಹೋಗುವುದಿಲ್ಲ.

ನಿನ್ನೆ ಮತ್ತೆ ಸೋಲು. ಸ್ಟ್ಯಾಂಡಿನಿಂದ ಅದೇ ಕೂಗು — "ಕ್ಲಾಸು ಮುಗೀತು! ಕ್ಲಾಸು ಮುಗೀತು!" ಕೋಚನ್ನು ಮನೆಗೆ ಕಳಿಸುವ ಕೂಗು. ನಾನು ಆಡುತ್ತಿದ್ದಾಗ ಅದು ಬೇರೆಯವರ ಪಾಲಿನದು. ನಗುತ್ತಿದ್ದೆ. ಈಗ ನನ್ನದೇ.

ಸಹಾಯಕ ಕೋಚ್ ಶಿಂಗ್ ಹೇಳಿದ, "ಕಿವಿಗೆ ಹತ್ತಿ ಇಟ್ಕೊಳ್ಳಿ ಕೋಚ್. ನಾನು ಆಗಲೇ ಇಟ್ಕೊಂಡಿದೀನಿ." ಅದಕ್ಕೇ ನಾನು ಹೇಳಿದ್ದೊಂದೂ ಅವನಿಗೆ ಕೇಳಿಸುವುದಿಲ್ಲ.

ಅಕ್ಟೋಬರ್ 13

ಸ್ನಾನದಂಗಡಿಗೆ ಹೋಗಿದ್ದೆ. ಬೆನ್ನುಜ್ಜುವ ಬಿಯಾನ್ ಕೈಗೆ ಸಿಕ್ಕರೆ ಚರ್ಮದ ಜೊತೆ ಮರ್ಯಾದೆಯೂ ಹೋಗುತ್ತದೆ.

"ಏನ್ ಲುವಾನಣ್ಣ, ನಿಮ್ಮ ಹುಡುಗ್ರು ದಿನಾ ಕಡಲಸೌತೆ ತಿಂತಾರಂತೆ, ಶಕ್ತಿಗೆ ಅಂತ. ಓಡೋದೂ ಆ ಹುಳದ ಹಂಗೇ ಇದೆ ಬಿಡು. ಕಡಲ ತಳದಲ್ಲಿ ತೆವಳೋ ಥರ!"

ಪಕ್ಕದ ಕಲ್ಲಿನ ಮೇಲೆ ಮಲಗಿದ್ದವನೂ ನಕ್ಕ. ಬಿಯಾನ್ ನೀರು ಹುಯ್ದ. "ಆದ್ರೂ ನೀನು ದುಡ್ಡು ತಗೊಂಡು ಮ್ಯಾಚ್ ಮಾರ್ಕೊಂಡೋನಲ್ಲ. ಅದಕ್ಕೇ ಗಟ್ಟಿಯಾಗಿ ಉಜ್ತೀನಿ. ಮಾರ್ಕೊಂಡೋರಿಗೆ ಸುಮ್ನೆ ನೀರು ಹುಯ್ದು ಕಳಿಸ್ತೀನಿ."

ಮನೆಗೆ ಬರುವವರೆಗೂ ಅದೇ ಮಾತು ತಲೆಯಲ್ಲಿ. ನನ್ನ ಜೊತೆ ಆಡಿದವರಲ್ಲಿ ಕೆಲವರು ಜೈಲಿಗೆ ಹೋಗಿ ಬಂದರು. ಇನ್ನು ಕೆಲವರು ಹೋಗಬೇಕಿತ್ತು. ನನಗೆ ಉಳಿದದ್ದು ದೇಶದ ಪರವಾಗಿ ಆಡಿದ ಏಳು ಪಂದ್ಯ, ಸವೆದ ಮಂಡಿ ಮತ್ತು ಈ ಹೆಸರು. ಹೊಗಳಿಕೊಳ್ಳುತ್ತಿಲ್ಲ... ಬೇರೇನೂ ಇಲ್ಲ ಅನ್ನುತ್ತಿದ್ದೇನೆ ಅಷ್ಟೆ.

ಅಕ್ಟೋಬರ್ 24

ಒಂದು ಗೆಲುವು, ಒಂದು ಡ್ರಾ. ಇನ್ನೊಂದೇ ಪಂದ್ಯ ಬಾಕಿ. ಮಾಲೀಕ ಫಾಂಗ್ ಬಂದಿದ್ದರು. ಕೋಟು ಬಿಚ್ಚಲಿಲ್ಲ, ಕೂರಲೂ ಇಲ್ಲ.

"ಗೆದ್ರೆ ಟೀಮ್ ಇರತ್ತೆ. ಕೆಳಗಿನ ಲೀಗಿಗೆ ಬಿದ್ರೆ ಮುಚ್ತೀನಿ. ಕಟ್ಟಿರೋ ಫ್ಲ್ಯಾಟೇ ಯಾರೂ ಕೊಳ್ತಿಲ್ಲ, ಇನ್ನು ನಿಮ್ಮನ್ನ ಸಾಕ್ಕೊಂಡು ಕೂರ್ಲಾ?"

ಹುಡುಗರು ನೆಲ ನೋಡುತ್ತಿದ್ದರು. ಫಾಂಗ್ ಹೋದಮೇಲೆ ಕ್ಯಾಪ್ಟನ್ ಗಾವ್ ಹತ್ತಿರ ಬಂದ. ಬೇಸಿಗೆಯಿಂದ ಬೆಂಚಿನಲ್ಲೇ ಇದ್ದಾನೆ, ಸೊಂಟ ಹೋಗಿದೆ. ಮೂವತ್ತೆಂಟು ವಯಸ್ಸು. ಅಷ್ಟೂ ವರ್ಷ ಇದೇ ಊರು, ಇಪ್ಪತ್ತು ವರ್ಷದಿಂದ ಇದೇ ಟೀಮು.

"ಏನಾದ್ರೂ ಆಗ್ಲಿ ಕೋಚ್, ಈ ವರ್ಷಕ್ಕೇ ಆಟ ಬಿಡ್ತೀನಿ" ಅಂದ. ಕೊನೇ ಸಲ ಆಡಿಸಿ ಅಂತ ಕೇಳಲಿಲ್ಲ. ಕೇಳುವವನಲ್ಲ.

ನನ್ನ ಕೊನೆಯ ಪಂದ್ಯ ನೆನಪಾಯಿತು. ಯಾವುದೋ ಊರು, ಕೆಸರು ಮೈದಾನ, ಸ್ಟ್ರೆಚರ್. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಕೊನೆ ಅಂತ ನನಗೇ ಗೊತ್ತಿರಲಿಲ್ಲ. ಈವರೆಗೂ ನೋವಿದೆ. ಗಾವ್‌ಗೆ ಹಾಗಾಗಬಾರದು.

ಅಕ್ಟೋಬರ್ 31

ಶಿಂಗ್ ಜೊತೆ ಕೂತು ಲೆಕ್ಕಾಚಾರ. ನಿಯಮದ ತಲೆನೋವು. ಇಪ್ಪತ್ತಮೂರು ದಾಟದ ಹುಡುಗ ಒಬ್ಬನಾದರೂ ಆರಂಭದಿಂದ ಕೊನೆಯ ಸೀಟಿಯವರೆಗೂ ಮೈದಾನದಲ್ಲಿರಬೇಕು. ಇಲ್ಲದಿದ್ದರೆ ಪಂದ್ಯ ಎದುರಾಳಿಗೆ, ಮೂರು-ಸೊನ್ನೆ. ಎಳೆಯರು ಬೆಳೆಯಲಿ ಅಂತ ಮೇಲಿನವರು ಮಾಡಿದ ಕಾನೂನು. ಕೋಚುಗಳು ಮಾಡುವುದೇನು? ಗೋಲ್‌ಕೀಪರನ್ನೇ ಎಳೆಯವನನ್ನಾಗಿ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಕೀಪರ್‌ಗೆ ಇಬ್ಬರು ಮಕ್ಕಳು.

ನಮ್ಮಲ್ಲಿ ಆ ವಯಸ್ಸಿನವರು ಇಬ್ಬರೇ — ದಿಂಗ್, ಲೂ. ಇಬ್ಬರನ್ನೂ ಮೊದಲಿಂದ ಆಡಿಸುವುದು. ದಿಂಗ್ ಕೊನೆಯವರೆಗೂ ಇರುತ್ತಾನೆ. ಮುಂದಿದ್ದರೆ ಕೊನೆಯಲ್ಲಿ ಲೂನನ್ನು ತೆಗೆದು ಗಾವ್‌ನನ್ನು ಇಳಿಸುವುದು.

ಗಾವ್‌ಗೆ ಹೇಳಿಲ್ಲ.

ನವೆಂಬರ್ 2, ಸಂಜೆ ಐದೂವರೆ

ಗೆದ್ದೆವು!! ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಲೂ ಹೆಡರ್, ಒಂದು-ಸೊನ್ನೆ. ಆಮೇಲೆ ಬರೀ ಒದ್ದಾಟ. ದಿಂಗ್ ಕಾಲು ಹೊರಳಿಸಿಕೊಂಡು ಹೊರಗೆ, ಅವನ ಜಾಗಕ್ಕೆ ಡಿಫೆಂಡರ್ ಒಬ್ಬನನ್ನು ಹಾಕಿದೆ. ಎರಡು ಸಲ ನಮ್ಮ ಗೋಲ್‌ಕಂಬಕ್ಕೆ ಬಡಿಯಿತು ಚೆಂಡು. ಕೊನೆಗೆ ಅಂದುಕೊಂಡ ಹಾಗೆ ಲೂ ಹೊರಗೆ, ಗಾವ್ ಒಳಗೆ. "ಹೋಗಯ್ಯಾ" ಅಂದೆ. ನನ್ನನ್ನೇ ನೋಡಿದ. ಇಡೀ ಸ್ಟೇಡಿಯಂ ಎದ್ದು ನಿಂತಿತು. ಕ್ಲಾಸು ಮುಗೀತು ಅಂತ ಕೂಗುತ್ತಿದ್ದ ಅದೇ ಬಾಯಿಗಳು ಗಾವ್, ಗಾವ್ ಅಂದವು. ಅವನು ಚೆಂಡು ಮುಟ್ಟಿದ್ದು ಒಂದೇ ಸಲ. ಸಾಕು. ನಾನು ಅತ್ತೆ, ನಾಚಿಕೆಯಿಲ್ಲದೆ.

ಒಳಗೆ ಹುಡುಗರು ಹಾಡುತ್ತಿದ್ದಾರೆ. ಫಾಂಗ್ ಬಂದು ನನ್ನ ಕೆನ್ನೆ ಹಿಂಡಿ ಹೋದರು.

ಅದೇ ದಿನ, ಆರೂಕಾಲು

ಶಿಂಗ್ ಬಂದು ಬಾಗಿಲು ಹಾಕಿದ. "ಕೋಚ್... ಲೂನ ತೆಗೆದಾಗ ದಿಂಗ್ ಇರ್ಲಿಲ್ಲ. ಎಳೆಯೋರು ಒಬ್ರೂ ಉಳೀಲಿಲ್ಲ."

ನನ್ನ ತಲೆಯಲ್ಲಿ ಇದ್ದ. ಬಲಬದಿಯಲ್ಲಿ ಓಡುತ್ತಲೇ ಇದ್ದ.

ನವೆಂಬರ್ 5

ತೀರ್ಪು ಬಂತು. ಸೊನ್ನೆ-ಮೂರು. ಕೆಳಗೆ ಬಿದ್ದೆವು. ಫಾಂಗ್ ಮಧ್ಯಾಹ್ನವೇ ಟೀಮು ಮುಚ್ಚಿದರು. ಫೋನ್ ತುಂಬ ಒಂದೇ ಪ್ರಶ್ನೆ — ಎಷ್ಟಕ್ಕೆ ಮಾರಿದೆ?

ಶಿಂಗ್‌ಗೂ ಎರಡು ಕಣ್ಣಿದ್ದವು, ಬದಲಿ ಆಟಗಾರರನ್ನು ಒಳಬಿಡುವ ನಾಲ್ಕನೇ ರೆಫರಿಗೂ ಇದ್ದವು. ಆದರೆ ಬದಲಾವಣೆಗೆ ಹೆಸರು ಕೂಗಿದ್ದು ನಾನು.

ನವೆಂಬರ್ 14

ತಪ್ಪಾಯಿತು ಅಂದರೆ ಯಾರೂ ನಂಬುವುದಿಲ್ಲ. ಅವರನ್ನೂ ಬೈಯಲಾರೆ. ಇಷ್ಟು ವರ್ಷ ಅವರು ಕಂಡ ತಪ್ಪುಗಳಿಗೆಲ್ಲ ಆಮೇಲೆ ಒಂದೊಂದು ಬೆಲೆ ಗೊತ್ತಾಗಿದೆ. ಕೋಚ್ ನಿಜಕ್ಕೂ ದಡ್ಡನಾಗಿರಬಹುದು ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ಊಟದ ಹೊತ್ತಿಗೆ ಹೆಂಡತಿ ಶ್ಯೂಮೆಯ್ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು, "ಏನಾದ್ರೂ ಇದ್ರೆ ನನ್ಹತ್ರ ಹೇಳ್ಬಿಡಿ. ಪೊಲೀಸ್ರು ಬಂದಾಗ ಗೊತ್ತಾಗೋದು ಬೇಡ."

ಊಟ ಬಿಟ್ಟು ಎದ್ದೆ. ಸ್ನಾನದಂಗಡಿಗೆ ಹೋದೆ. ಬಿಯಾನ್ ಇದ್ದ. ಮೈಮೇಲೆ ಒಂದು ಬಕೆಟ್ ನೀರು ಹುಯ್ದು, ಮುಂದಿನವನನ್ನು ಕರೆದ.

ನವೆಂಬರ್ 27, ಮಧ್ಯಾಹ್ನ

ಗಾವ್ ಬಂದಿದ್ದಾನೆ. ಅಡುಗೆಮನೆಯಲ್ಲಿ ಶ್ಯೂಮೆಯ್ ಚಹಾ ಮಾಡುತ್ತಿದ್ದಾಳೆ, ನಾನು ಒಳಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬರೆಯದಿದ್ದರೆ ಏನು ಮಾಡಿಬಿಡುತ್ತೇನೋ.

ಅವನನ್ನು ಕಂಡಾಗ ಹಗುರಾಗಿತ್ತು. ಇವನಿಗಾದರೂ ಗೊತ್ತು, ಯಾಕೆ ಇಳಿಸಿದೆ ಅಂತ. ಮೊದಲು ನನ್ನ ಮಂಡಿ ಹೇಗಿದೆ ಅಂತ ಕೇಳಿದ. ತಾಯಿ ಕೊಟ್ಟ ಒಣಮೀನು ಮೇಜಿನ ಮೇಲಿಟ್ಟ. ಆಮೇಲೆ ನನ್ನ ಕೈ ಹಿಡಿದುಕೊಂಡ. ಯಾವತ್ತೂ ಕೋಚ್ ಅನ್ನುವವನು ಅಣ್ಣ ಅಂದ.

"ನಂಗೆ ಸಿಟ್ಟಿಲ್ಲ ಅಣ್ಣ, ನಿಜವಾಗ್ಲೂ ಇಲ್ಲ. ನಿಮ್ಮ ಕಷ್ಟ ನಂಗೊತ್ತು, ನಾನಾಗಿದ್ರೂ ದುಡ್ಡು ತಗೋತಿದ್ದೆ. ಒಂದೇ ಕೇಳ್ತೀನಿ. ಅದಕ್ಕೆ ನನ್ನೇ ಯಾಕೆ ಇಳಿಸಿದ್ರಿ? ಬೇರೆ ಯಾರನ್ನಾದ್ರೂ ಇಳಿಸ್ಬೋದಿತ್ತಲ್ಲ?"

ಹೊರಗೆ ಕಾಯುತ್ತಿದ್ದಾನೆ. ಹೋಗಿ ಹೇಳಬೇಕು. ಗಾವ್, ನೀನು ಇಪ್ಪತ್ತು ವರ್ಷ ಈ ಊರಿಗಾಗಿ ಓಡಿದವನು, ಒಂದು ಸಲ ಜನ ಎದ್ದು ನಿಂತು ನಿನ್ನ ಹೆಸರು ಕೂಗಲಿ ಅಂತ ನಾನು...