ಬೇಡವೆಂದು ಕಳಿಸಿದ ಮನಿಯಾರ್ಡರು

ಪುಟ್ಟೇನಹಳ್ಳಿ, ಯಲಹಂಕ
ತಾ. ೧೨-೭-೧೯೬೩, ಶುಕ್ರವಾರ

ಚಿ. ಸೌ. ನಾರಾಯಣಮ್ಮನಿಗೆ ನಿನ್ನ ಅಕ್ಕ ಸೊಣ್ಣಮ್ಮ ಮಾಡುವ ಆಶೀರ್ವಾದಗಳು.

ನಾವು ಕ್ಷೇಮ, ನೀವೂ ಕ್ಷೇಮವೇ ಎಂದು ಬರೆಯುವುದು ರೂಢಿ. ಈ ಸಲ ನಾನು ಕೇಳುವುದಿಲ್ಲ. ಕೇಳಿದರೆ ನೀನು ಕ್ಷೇಮವೆಂದೇ ಬರೆಯುತ್ತೀಯ. ಅದನ್ನು ಓದಿ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇರುವ ಸಿಟ್ಟೇ ಸಾಕಾಗಿದೆ.

ಇಲ್ಲಿ ಆಷಾಢದ ಗಾಳಿ ಹೊಡೆಯುತ್ತಿದೆ. ಹೆಂಚು ಹಾರಿ ಹೋದೀತೆಂದು ಮಾವ ಸೂರಿನ ಅಂಚಿಗೆಲ್ಲ ಕಲ್ಲು ಹೇರಿಸಿದ್ದಾರೆ. ಕೆರೆ ಕಡೆಯ ಹೊಲದಲ್ಲಿ ರಾಗಿ ಬಿತ್ತಿದ್ದಾಯಿತು, ಮೇಲಿನದು ಬಾಕಿ ಇದೆ. ಹುರುಳಿ ಬೇಯಲು ಇಟ್ಟು ಒಲೆ ಮುಂದೆಯೇ ಕೂತು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಅದರ ಮೇಲೆ ಕಣ್ಣಿಗೆ ಹೊಗೆ. ಸೊಟ್ಟಗಿದ್ದ ಕಡೆ ಹೊಂದಿಸಿಕೊಂಡು ಓದು. ಒಂದು ಸಾಲು ಬರೆಯುವುದು, ಎದ್ದು ಬಾಗಿಲವರೆಗೆ ಹೋಗುವುದು, ಬಂದು ಕೂರುವುದು, ಇದೇ ಆಗಿದೆ ಬೆಳಗಿನಿಂದ. ಹಸು ಕೂಡ ನನ್ನ ಓಡಾಟ ನೋಡಿ ನೋಡಿ ತಲೆ ತಿರುಗಿಸಿಕೊಂಡಿತು.

ಹೋದ ತಿಂಗಳು ಮಲ್ಲೇಶ್ವರದ ಮಾರ್ಕೆಟ್ಟಿಗೆ ದಂಟಿನ ಸೊಪ್ಪು ಹಾಕಿ ಬರುವಾಗ ನಾನೂ ನಿನ್ನ ಭಾವನೂ ಮತ್ತಿಕೆರೆಯಲ್ಲಿ ಗಾಡಿ ನಿಲ್ಲಿಸಿ ನಿನ್ನ ಮನೆಗೆ ಬಂದೆವಲ್ಲ, ಅವತ್ತಿನ ಮಾತು. ಮೈದುನ ಪಿಳ್ಳಣ್ಣ ಫ್ಯಾಕ್ಟರಿಗೆ ಹೋಗಿದ್ದ. ನೀನು ನಮ್ಮಿಬ್ಬರನ್ನೂ ಕೂರಿಸಿ ಬಿಸಿ ಮುದ್ದೆ ಇಟ್ಟೆ, ಸೊಪ್ಪಿನ ಸಾರು ಬಿಟ್ಟೆ, ಬೇಡ ಬೇಡ ಎಂದರೂ ಇನ್ನರ್ಧ ಮುದ್ದೆ ಹಾಕಿದೆ. ಭಾವ ಎದ್ದ ಮೇಲೆ ನೀನೂ ಉಣ್ಣು ಎಂದಿದ್ದಕ್ಕೆ ಈಗ ತಾನೇ ಉಂಡೆ ಅಕ್ಕ ಎಂದೆ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ತುಟಿ ಕೆಂಪಗೆ ಮಾಡಿಕೊಂಡು, ಹೊಟ್ಟೆ ತುಂಬ ಉಂಡವಳ ಹಾಗೆ ಗೋಡೆಗೆ ಒರಗಿ ಕೂತೆ. ವಾಪಸು ಬರುವಾಗ ನಿನ್ನ ಭಾವ ಗಾಡಿಯ ಮೇಲೆ, "ನಾರಾಯಣಮ್ಮ ಚೆಂದಾಗಿ ಸಂಸಾರ ಮಾಡ್ತಾವ್ಳೆ ಬುಡು. ಪ್ಯಾಟೆ ಮನೆ ಆದ್ರೂ ನಮ್ಮನೆ ಅಂಗೇ ಮಡಗವ್ಳೆ," ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಹೂಂ ಎಂದೆ. ಹೆಬ್ಬಾಳದ ಕೆರೆ ದಾಟುವವರೆಗೂ ಗಾಡಿಯಲ್ಲಿ ಒಂದು ಕಡೆ ಕೂರಲಾಗಲಿಲ್ಲ ನನಗೆ.

ಯಾರಿಗೆ ಹಾಕುತ್ತೀಯೆ ನೀನು ಈ ವೇಷ? ನೀನು ನನ್ನ ಓರಗಿತ್ತಿಯಾಗಿ ಈ ಮನೆಗೆ ಬಂದ ವರ್ಷ ರಾಗಿ ಬೆಳೆ ಕೆಟ್ಟು ಹೋಗಿತ್ತು. ಗಂಡಸರಿಗೂ ನೆಂಟರಿಗೂ ಬಡಿಸಿ ತಪ್ಪಲೆ ಬರಿದಾದ ಮೇಲೆ ನಾವಿಬ್ಬರೂ ಹಿತ್ತಲಿಗೆ ಹೋಗಿ ಎಲೆ ಅಡಿಕೆ ಮೆಲ್ಲುತ್ತಿದ್ದೆವು. ಮಾವ ಕೇಳಿದರೆ ಕೆಂಪು ನಾಲಿಗೆ ತೋರಿಸಿ ಉಂಡಾಯಿತು ಎನ್ನುತ್ತಿದ್ದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗು. ಅದೇ ಆಟವನ್ನು ನನ್ನ ಮುಂದೆಯೇ ಆಡುತ್ತೀಯಲ್ಲ! ನೀನು ಹೊರಗೆ ಹೋಗಿ ನಿನ್ನ ಭಾವನ ಕೈಗೆ ನೀರು ಕೊಡುವಾಗ ನಾನು ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ನೋಡಿದೆ. ಬೆರಳಲ್ಲಿ ಬಳಿದು ತೆಗೆದ ಗೆರೆ ತಳದಲ್ಲಿ ಹಾಗೇ ಇತ್ತು. ನಾನು ಉಂಡ ಮುದ್ದೆ ಯಾರ ಪಾಲಿನದೆಂದು ಗೊತ್ತಾಯಿತು.

ಪಕ್ಕದ ಮನೆಯ ಶಹರ್ಬಾನುವನ್ನು ಬೈಯಬೇಡ. ಅವತ್ತು ಹೊರಡುವ ಮುಂಚೆ ನಲ್ಲಿಯ ಹತ್ತಿರ ನಾನೇ ಅವಳನ್ನು ಹಿಡಿದು ನಿಲ್ಲಿಸಿ ಕೇಳಿದ್ದು. "ಅಕ್ಕಾ, ನಾನ್ ಹೇಳ್ದೆ ಅನ್ಬೇಡಿ. ಪಿಳ್ಳಣ್ಣ ಡ್ಯೂಟಿಗೆ ಹೋದ್ಮೇಲೆ ಅವ್ಳು ಒಲೇನೇ ಹಚ್ಚಲ್ಲ. ಕರದ್ರೆ ನಮ್ಮನೇಲೂ ತಿನ್ನಲ್ಲ, ಒಂದ್ ಲೋಟ ಚಾ ಕೊಟ್ರೆ ಕುಡೀತಾಳೆ ಅಷ್ಟೆ. ಬಸುರಿ ಹೆಂಗ್ಸು, ನಂಗೇ ಭಯ ಆಗತ್ತೆ," ಎಂದಳು. ಪರರಿಗೆ ಭಯವಾಗುತ್ತದೆ, ನಿನಗೆ ಆಗುವುದಿಲ್ಲ.

ಪಿಳ್ಳಣ್ಣನಿಗೆ ಇದು ಗೊತ್ತಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಅವನು ಮಧ್ಯಾಹ್ನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅನ್ನ ಉಣ್ಣುತ್ತಾನೆ. ರಾತ್ರಿ ನೀನು ಬಡಿಸಿದ್ದನ್ನು ಉಂಡು ಮಲಗುತ್ತಾನೆ. ತಿಂಗಳು ತಿಂಗಳೂ ನಮಗೆ ಕಳಿಸುವ ಮನಿಯಾರ್ಡರಿಗೆ ದುಡ್ಡು ಹೇಗೆ ಹೊಂದುತ್ತದೆ ಎಂದು ಅವನು ಕೇಳುವುದಿಲ್ಲ, ನೀನು ಹೇಳುವುದಿಲ್ಲ. ಅವನ ಛಲ ನನಗೆ ಗೊತ್ತಿಲ್ಲದ್ದೇ? ಫ್ಯಾಕ್ಟರಿ ಕೆಲಸಕ್ಕೆ ಹೊರಟ ದಿನ ಮಾವ ಜಗಲಿಯ ಮೇಲೆ ಕೂತು, "ನೀನ್ ಒಂಟೋದ್ರೆ ನಿಮ್ಮಣ್ಣ ಒಬ್ನೇ ಕಪಿಲೆ ಒಡ್ದು ಸಾಯ್ಬೇಕೇನ್ಲಾ?" ಎಂದರು. ಅವನು, "ನನ್ ತೋಳಿನ ಬದ್ಲು ದುಡ್ಡು ಕಳುಸ್ತೀನಪ್ಪ. ಬಾವಿಗೆ ಕರೆಂಟು ಮೋಟ್ರು ಕೂರ್ಸೋಗಂಟ ಒಂದ್ ತಿಂಗ್ಳೂ ತಪ್ಸಲ್ಲ," ಎಂದು ಊರೆಲ್ಲ ಕೇಳುವ ಹಾಗೆ ಹೇಳಿ ಹೊರಟ. ಹಾಗೆಯೇ ನಡೆಸಿಕೊಂಡೂ ಬಂದಿದ್ದಾನೆ. ಅತ್ತೆ ಹೋದ ಮೇಲೆ ಉಗ್ರಾಣದ ಬೀಗದ ಕೈ ನನ್ನ ಸೊಂಟಕ್ಕೆ ಬಂದದ್ದರಿಂದ ಮನಿಯಾರ್ಡರನ್ನೂ ನನ್ನ ಹೆಸರಿಗೇ ಬರೆಯುತ್ತಾನೆ. ಬಂದ ದುಡ್ಡೆಲ್ಲ ಪೆಟ್ಟಿಗೆಯಲ್ಲಿದೆ, ಒಂದು ಬಿಡಿಕಾಸು ಮುಟ್ಟಿಲ್ಲ.

ಮೋಟಾರು ಬೇಕು, ಬೇಡವೆನ್ನುವುದಿಲ್ಲ. ನಿನ್ನ ಭಾವ ಬೆಳಗಾಗುವ ಮೊದಲೇ ಎತ್ತು ಕಟ್ಟಿ ಕಪಿಲೆಯಲ್ಲಿ ಬಾವಿ ನೀರೆತ್ತಲು ಹೋದರೆ ಬಿಸಿಲೇರುವವರೆಗೂ ಆ ಇಳಿಜಾರಿನಲ್ಲಿ ಇಳಿಯುವುದು, ಹತ್ತುವುದು. ಬಲದ ಭುಜ ಮೇಲೆತ್ತಲಾಗದೆ ನನ್ನಿಂದ ಅಂಗಿ ತೊಡಿಸಿಕೊಳ್ಳುತ್ತಾರೆ. ಪಕ್ಕದ ತೋಟದವರ ಮೋಟಾರು ಸದ್ದು ಮಾಡುತ್ತಾ ನೀರು ಸುರಿಯುವಾಗ ಬೇಲಿಯ ಹತ್ತಿರ ನಿಂತು ನೋಡುತ್ತಾರೆ. ಅದನ್ನು ನೋಡಿದಾಗ ಪಿಳ್ಳಣ್ಣನ ದುಡ್ಡು ಬೇಗ ಬೇಗ ಬರಲಿ ಎಂದು ನಾನೂ ದೇವರನ್ನು ಕೇಳಿದ್ದೇನೆ. ಆಮೇಲೆ ನಿನ್ನ ಹಿಟ್ಟಿನ ಡಬ್ಬ ಕಣ್ಣಿಗೆ ಬರುತ್ತದೆ. ಯಾರ ಕಡೆ ನಿಲ್ಲಲಿ ನಾನು? ಒಂದು ತಿಂಗಳಿಂದ ಮುಳ್ಳಿನ ಮೇಲೆ ಕೂತ ಹಾಗಾಗಿದೆ.

ಉಳಿಸುವುದನ್ನು ನಾನು ಬೇಡವೆನ್ನುವವಳಲ್ಲ. ನಿನಗೆ ಉಳಿಸುವುದು ಕಲಿಸಿದವಳೇ ನಾನು. ಬಸ್ಸಾರು ಮಾಡಿ ಅದೇ ಸೊಪ್ಪಿನಲ್ಲಿ ಪಲ್ಯವನ್ನೂ ತೆಗೆ. ಸೌದೆ ಕೊಳ್ಳಬೇಡ, ಯಶವಂತಪುರದ ಮರ ಕೊಯ್ಯುವ ಮಿಲ್ಲಿನಲ್ಲಿ ಹೊಟ್ಟು ತಂದು ಹೊಟ್ಟಿನ ಒಲೆ ಹಚ್ಚು. ತಲೆಗೆ ಸೀಗೆಕಾಯಿ ಇಲ್ಲಿಂದ ಕಳಿಸುತ್ತೇನೆ. ಹಳೆ ಸೀರೆ ಹರಿದರೆ ಎರಡು ಸೇರಿಸಿ ಕೌದಿ ಹೊಲಿ. ಸೀಮೆಎಣ್ಣೆ ಉಳಿಸಬೇಕೆಂದರೆ ಬೆಳಕಿರುವಾಗಲೇ ಅಡಿಗೆ ಮುಗಿಸು. ಇಷ್ಟೆಲ್ಲ ಉಳಿಸಿ ಕೊನೆಗೆ ಹೊಟ್ಟೆಯಲ್ಲೂ ಉಳಿಸು ಎಂದು ಯಾವತ್ತಾದರೂ ಹೇಳಿದ್ದೆನೇ? ಅವತ್ತು ನಾವಿಬ್ಬರೇ ಇದ್ದೆವು, ಹಸಿದಿದ್ದರೂ ನಕ್ಕೆವು. ಈಗ ನಿನ್ನೊಳಗೆ ಇನ್ನೊಂದು ಜೀವ ಇದೆ. ಹೋದ ವರ್ಷದ ಬಸಿರು ಕೈತಪ್ಪಿದಾಗ ಮೂಲೆಯಲ್ಲಿ ಮುದುರಿಕೊಂಡು ಬಿದ್ದಿದ್ದ ನಿನ್ನನ್ನು ಎಬ್ಬಿಸಿ ಕೂರಿಸಿ ಗಂಜಿ ಕುಡಿಸಿದವಳು ನಾನು. ಇನ್ನೊಂದು ಸಲ ಅದನ್ನು ನೋಡುವ ಶಕ್ತಿ ನನಗಿಲ್ಲ. ನನಗಂತೂ ಮಕ್ಕಳಾಗಲಿಲ್ಲ. ಹುಟ್ಟುವುದು ನನ್ನದೂ ಹೌದು ಎಂದು ನಾನು ಅಂದುಕೊಂಡಿದ್ದೇನೆ, ನೀನು ಏನೇ ಅಂದುಕೋ.

ಹುರುಳಿ ತಳ ಹಿಡಿಯಿತು. ಕೆದಕಿ ನೀರು ಹಾಕಿ ಬಂದೆ.

ಈಗ ನಿಜ ಹೇಳುತ್ತೇನೆ. ಸೋಮವಾರ ಪೋಸ್ಟ್‌ಮನ್ ಚಿಕ್ಕಮುನಿಯಪ್ಪ ಪಿಳ್ಳಣ್ಣನ ಮನಿಯಾರ್ಡರು ತಂದ. ಗಂಡಸರು ಹೊಲದಲ್ಲಿದ್ದರು. ರುಜು ಹಾಕು ಎಂದು ಫಾರಂ ಮುಂದಿಟ್ಟ. ನನಗೆ ಬೇಡ, ವಾಪಸು ಕಳಿಸು ಎಂದೆ. ಅವನಿಗೆ ನಗು ಬಂತು. "ನನ್ ಸರ್ವೀಸ್ನಾಗೆ ದುಡ್ಡು ಬ್ಯಾಡ ಅಂದೋರ್ನ ನೋಡೇ ಇಲ್ಲ ಕಣಮ್ಮ. ಅಣ್ತಮ್ಮಂದ್ರು ಜಗಳ ಆಡವ್ರಾ?" ಎಂದ. ಜಗಳವೂ ಇಲ್ಲ, ಏನೂ ಇಲ್ಲ, ಬರೆದುಕೋ ಎಂದೆ. ಕೊನೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲವೆಂದು ಬರೆದು ನನ್ನಿಂದ ರುಜು ಹಾಕಿಸಿಕೊಂಡು ಹೋದ. ಅವನ ಸೈಕಲ್ಲು ಕೆರೆ ಏರಿ ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದೆ.

ಆ ದುಡ್ಡು ಇವತ್ತೋ ನಾಳೆಯೋ ನಿಮ್ಮ ಬಾಗಿಲಿಗೆ ಬರುತ್ತದೆ. ಪಿಳ್ಳಣ್ಣ ಕೆಂಡವಾಗುತ್ತಾನೆ. ಅತ್ತಿಗೆಗೆ ಸೊಕ್ಕು ಬಂತು, ನನ್ನ ದುಡ್ಡು ಇವಳಿಗೆ ಮೈಲಿಗೆಯಾಯಿತೇ ಎನ್ನುತ್ತಾನೆ. ಅನ್ನಲಿ. ನೀನು ನನ್ನ ಪರ ವಹಿಸಬೇಡ. ಅವನಿಗೇ ಒಂದು ಕಾಗದ ಬರೆದು ನಿನ್ನ ಹೆಂಡತಿ ಉಪವಾಸ ಇರುತ್ತಾಳೆ ನೋಡು ಎಂದು ಹೇಳಬಹುದಿತ್ತು. ಆದರೆ ಅಣ್ಣನ ಮನೆಯವರ ಮುಂದೆ ನನ್ನ ಮಾನ ಕಳೆದೆ ಎಂದು ಅವನು ನಿನ್ನ ಮೇಲೆಯೇ ಹಾಯುತ್ತಾನೆ. ಅದಕ್ಕೇ ಬೈಗುಳ ನನಗಿರಲಿ ಎಂದು ಹೀಗೆ ಮಾಡಿದೆ.

ಮಾಡಿದ್ದು ಸರಿ ಎಂದೇ ಮೊನ್ನೆಯವರೆಗೂ ಅಂದುಕೊಂಡಿದ್ದೆ. ಬುಧವಾರ ಮಾವ, "ಏನಮ್ಮಾ, ಪಿಳ್ಳಣ್ಣನ ದುಡ್ಡು ಬರ್ಲಿಲ್ವಾ?" ಎಂದು ಕೇಳಿದರು. ನಾನು ಬರಲಿಲ್ಲ ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೊಂದೇ. "ಬರ್ತದೆ ಬುಡು, ಅವ್ನು ಮಾತ್ ಕೊಟ್ಟವ್ನೆ," ಎಂದರು. ನಿನ್ನೆ ಜಗಲಿಯ ಮೇಲೆ ಕೂತು ಏರಿಯ ಕಡೆಗೇ ನೋಡುತ್ತಿದ್ದರು. ಇವತ್ತೂ ಅಲ್ಲೇ ಕೂತಿದ್ದಾರೆ. ಮಗ ಮಾತು ತಪ್ಪಿದ ಎಂದು ಇನ್ನೂ ಅಂದಿಲ್ಲ, ಅಂದುಕೊಳ್ಳಲು ಶುರು ಮಾಡಿದ್ದಾರೆ ಎಂದು ಅವರ ಮುಖದಲ್ಲೇ ಕಾಣುತ್ತದೆ. ನಿನ್ನ ಭಾವ ಮಾತ್ರ ರಾತ್ರಿ, "ಪ್ಯಾಟೆ ನೀರು ಕುಡುದ್ರೆ ಇಂಗೇ," ಎಂದು ಹೇಳಿ ಮಗ್ಗುಲು ತಿರುಗಿದರು. ನಿನ್ನನ್ನು ಉಳಿಸಲು ಹೋಗಿ ಪಿಳ್ಳಣ್ಣನ ಹೆಸರು ಕೆಡಿಸಿದೆನಲ್ಲ ನಾರಾಯಣಮ್ಮ! ನಾನು ಬೇಡವೆಂದೆ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಿದರೆ ನೀನು ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬೀಳುತ್ತದೆ. ಹೇಳದೆ ಇದ್ದರೆ ತಂದೆ ಮಗ ದೂರವಾಗುತ್ತಾರೆ.

ನನ್ನಿಂದ ಇಷ್ಟೇ ಆಗುವುದು. ನಿನ್ನ ಪಾಲಿನದು ನೀನು ಮಾಡು. ದುಡ್ಡು ಬಂದ ದಿನ ಪಿಳ್ಳಣ್ಣನನ್ನು ಕೂರಿಸಿಕೊಂಡು ಡಬ್ಬದ ಮುಚ್ಚಳ ತೆಗೆದು ತೋರಿಸು. ಬಾಯಲ್ಲಿ ಹೇಳಲಾಗದಿದ್ದರೆ ಈ ಕಾಗದವನ್ನೇ ಅವನ ಕೈಗೆ ಕೊಡು. ಅವನು ಛಲಗಾರನೇ ಹೊರತು ಕಟುಕನಲ್ಲ. ಅದೇ ದುಡ್ಡನ್ನು ಮತ್ತೆ ಕಳಿಸಿದರೆ ನಾನು ಮತ್ತೆ ವಾಪಸು ಕಳಿಸುತ್ತೇನೆ, ಚಿಕ್ಕಮುನಿಯಪ್ಪ ಏನು ಬೇಕಾದರೂ ಅಂದುಕೊಳ್ಳಲಿ.

ಇಷ್ಟು ಬೈದರೂ ನಿನ್ನ ಮೇಲೆ ಪ್ರಾಣವಿಟ್ಟುಕೊಂಡಿರುವ

ನಿನ್ನ ಅಕ್ಕ
ಸೊಣ್ಣಮ್ಮ

ಕಾಗದ ಮಡಿಸಿದ ಮೇಲೆ ಬರೆದದ್ದು: ಇದನ್ನು ಟಪಾಲಿಗೆ ಹಾಕಲಿಲ್ಲ. ಮಧ್ಯಾಹ್ನ ನಿನ್ನ ಭಾವ ಉಣ್ಣಲು ಬಂದಾಗ ಮುದ್ದೆ ಇಟ್ಟು ಎದುರು ಕೂತವಳೇ ಅತ್ತುಬಿಟ್ಟೆ, ಎಲ್ಲ ಹೇಳಿದೆ. ಅವರು ಕೈತೊಳೆದು ಜಗಲಿಗೆ ಹೋಗಿ ಮಾವನಿಗೆ ಹೇಳಿದರು. ಮಾವ ನನ್ನನ್ನು ಕರೆದು, "ಆ ಮಗು ಅಸ್ಕೊಂಡು ಕೂತ್ಕೊಂಡು ನನ್ ಬಾವಿಗೆ ಮೋಟ್ರು ಆಕ್ಸೋದಾ? ಆ ನೀರು ನನ್ ಗಂಟ್ಲಲ್ಲಿ ಇಳೀತದಾ?" ಎಂದು ಗದರಿದರು. ಕಣ್ಣು ಒರೆಸಿಕೊಂಡರು. ಮೇಲಿನ ಹೊಲದ ಬಿತ್ತನೆ ಬಿಟ್ಟು ನಾಳೆ ಬೆಳಗ್ಗೆ ನಿನ್ನ ಭಾವ ಗಾಡಿ ಕಟ್ಟುತ್ತಾರೆ. ಒಂದು ಮೂಟೆ ರಾಗಿಯನ್ನೂ, ನಾನು ಬೀಸಿಟ್ಟ ಹಿಟ್ಟನ್ನೂ, ಪೆಟ್ಟಿಗೆಯಲ್ಲಿದ್ದ ಪಿಳ್ಳಣ್ಣನ ದುಡ್ಡಿನಲ್ಲಿ ಅರ್ಧವನ್ನೂ ಈ ಕಾಗದವನ್ನೂ ಅವರೇ ತಂದುಕೊಡುತ್ತಾರೆ. ಅವರು ಬಂದ ಕೂಡಲೇ ಒಲೆ ಹಚ್ಚು. ಭಾವನೆದುರು ಕೂತು ನೀನು ಉಣ್ಣುವುದಿಲ್ಲ, ನಮ್ಮ ಮನೆ ಹೆಂಗಸರು ಯಾರೂ ಹಾಗೆ ಉಂಡಿಲ್ಲ. ಅದಕ್ಕೇ ಅವರು ಹೊಸಿಲಾಚೆ ಬೀದಿ ಕಡೆ ಮುಖ ಮಾಡಿ ಕೂರುತ್ತಾರೆ. ಉಂಡು ಮುಗಿಸಿ, ತಟ್ಟೆ ತೊಳೆದು, ಸದ್ದಾಗುವ ಹಾಗೆ ಗೋಡೆಗೆ ಒರಗಿಸು. ಆ ಸದ್ದು ಕೇಳುವವರೆಗೆ ಅಲ್ಲಿಂದ ಏಳಕೂಡದು ಎಂದು ಮಾವ ಅಪ್ಪಣೆ ಮಾಡಿದ್ದಾರೆ. ನಿಧಾನವಾಗಿ ಉಣ್ಣು, ಎತ್ತುಗಳು ಕಾಯುತ್ತವೆ.